ಜಲ್ಲಿ ಎಲ್ಲಿಂದ ಬಂತು?
ಶಿವಮೊಗ್ಗ ಜಿಲ್ಲೆಯ ಗುಡವಿಯಲ್ಲೊಂದು ಆರ್‌ಸಿಸಿ ಮನೆ ಏಳುತ್ತಿದ್ದರೆ, ಮೇಸ್ತ್ರಿ ಹೆಲ್ಮೆಟ್ ಹಾಕಿದ್ದಾನೋ ಇಲ್ಲವೋ ಎಂದಷ್ಟೇ ನೋಡುತ್ತೇವೆ. ಅದೂ ಅಪರೂಪವೇ ಬಿಡಿ. ಆದರೆ ಅಪಾಯ ಶುರುವಾಗುವುದು ಜಲ್ಲಿ ಹುಟ್ಟುವ ಜಾಗದಲ್ಲಿ. 2021ರ ಜನವರಿ 21ರ ರಾತ್ರಿ ಇದೇ ಜಿಲ್ಲೆಯ ಹುಣಸೋಡಿನ ಕ್ರಷರ್ ಬಳಿ ಸ್ಫೋಟಕ ಸಿಡಿದು ಜನ ಸತ್ತರು. ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲೂ ಅದೇ ಕಥೆ. ಏನೂ ಸಿಡಿಯದ ದಿನಗಳಲ್ಲೂ ಕಲ್ಲಿನ ದೂಳು ಶ್ವಾಸಕೋಶ ಸೇರುತ್ತಲೇ ಇರುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ.

ಒಂದು ಲೋಡ್ ಕೊಳ್ಳುವವ ಕ್ವಾರಿ ತಪಾಸಣೆ ಮಾಡಲಾದೀತೇ ಎನ್ನಬಹುದು. ಆಗದು, ನಿಜ. ಆದರೆ ರಸ್ತೆ, ಶಾಲೆ ಕಟ್ಟಿಸುವ ಸರ್ಕಾರವೇ ಜಲ್ಲಿಯ ದೊಡ್ಡ ಗಿರಾಕಿ. ದೂಳಿಗೆ ನೀರು ಸಿಂಪಡಿಸಬೇಕು, ಸ್ಫೋಟಕಕ್ಕೆ ಪರವಾನಗಿ ಇರಬೇಕು ಎಂಬ ಷರತ್ತು ಟೆಂಡರಿನಲ್ಲೇ ಇರಲಿ. ದರ ತುಸು ಏರಿದರೆ ಏರಲಿ. ನೀವೂ ಲೋಡ್ ತರಿಸುವಾಗ ಪರ್ಮಿಟ್ ತೋರಿಸಿ ಅನ್ನಿ.