ಮಾತಿನ ಸರದಿ

ಎದುರುಬದುರು ಕುಳಿತವರ ಸಂಭಾಷಣೆಯಲ್ಲಿ ಒಬ್ಬರ ಮಾತು ಮುಗಿದೊಡನೆ ಇನ್ನೊಬ್ಬರದು ಮೊದಲಾಗುತ್ತದೆ. ಹತ್ತು ಭಾಷೆಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಪ್ರಶ್ನೋತ್ತರಗಳ ನಡುವಣ ಸರಾಸರಿ ಅಂತರ ಸುಮಾರು ಸೆಕೆಂಡಿನ ಐದನೆಯ ಒಂದು ಭಾಗದಷ್ಟೇ. ಅಂತರಜಾಲದ ಸಭೆಯಲ್ಲಿ ಧ್ವನಿ ತಲಪುವುದಕ್ಕೇ ಅಷ್ಟು ಕಾಲ ಹಿಡಿಯಬಹುದು. ಆಗ ಮೌನವೆಂದು ಭ್ರಮಿಸಿ ಇಬ್ಬರೂ ಒಮ್ಮೆಗೇ ಮಾತಾಡತೊಡಗುತ್ತಾರೆ. ಒಮ್ಮೆಗೇ ತಡೆದು ನಿಲ್ಲುತ್ತಾರೆ.

ಒಂಟಿಹಳಿಯ ರೈಲುದಾರಿಯಲ್ಲಿ ಟೋಕನ್ ಪಡೆದ ಗಾಡಿಯಷ್ಟೇ ಮುಂದುವರಿಯುವ ಪದ್ಧತಿಯುಂಟು. 2006ರಲ್ಲಿ ಪ್ರಕಟವಾದ ಅಂತರಜಾಲದ ನಿಯಮಾವಳಿಯೊಂದು ಸಭೆಗೂ ಇಂಥದೇ ಏರ್ಪಾಡನ್ನು ಒದಗಿಸಿತು. ಮಾತಾಡಲಿಚ್ಛಿಸುವವರು ಬೇಡಿಕೆ ಕಳುಹಿಸಬೇಕು; ನಿಯಂತ್ರಕ ಯಂತ್ರವು ಅದನ್ನು ಸಾಲಿನಲ್ಲಿರಿಸಿ, ಸರದಿ ಬಂದಾಗ ಅನುಮತಿ ನೀಡುತ್ತದೆ; ಮಾತು ಮುಗಿದೊಡನೆ ಅದನ್ನು ಹಿಂದಿರುಗಿಸಬೇಕು. ಎಲ್ಲರೂ ನೋಡುವ ಚಿತ್ರಫಲಕಕ್ಕೂ ಇದೇ ಕಟ್ಟಳೆ.

ಈ ಸಾಲಿನಲ್ಲಿ ಏರುದನಿಯೂ ಮೆಲುದನಿಯೂ ಒಂದೇ. ಸಂಕೋಚದ ವಿದ್ಯಾರ್ಥಿಯ ಪ್ರಶ್ನೆಗೂ ಅಲ್ಲಿ ಎಡೆ ದೊರೆಯುತ್ತದೆ.