ಫಿಟ್ಸ್ ಮಾತ್ರೆ ಮುಖದ ನೋವಿಗೇಕೆ?

ಮುಖ ತೊಳೆಯಲು ಕೈ ತಾಗಿದರೆ ಸಾಕು, ಒಂದೇ ಬದಿಯ ಕೆನ್ನೆಗೆ ಕರೆಂಟು ಹೊಡೆದಂತಾಗುತ್ತದೆ. ಕೆಲವು ಸೆಕೆಂಡು, ಹೆಚ್ಚೆಂದರೆ ಎರಡು ನಿಮಿಷ. ತುತ್ತು ಅಗಿದರೆ, ಬೈಕಿನಲ್ಲಿ ಗಾಳಿ ಬಡಿದರೆ ಮತ್ತೆ ಅದೇ ಹೊಡೆತ. ಇದು ಟ್ರೈಜೆಮಿನಲ್ ನ್ಯೂರಾಲ್ಜಿಯ. ಮುಖದ ಸ್ಪರ್ಶ ತಿಳಿಸುವ ನರದ ಬುಡವನ್ನು ರಕ್ತನಾಳವೊಂದು ಒತ್ತಿ, ಅದರ ಹೊದಿಕೆ ಸವೆಯುವುದು ಸಾಮಾನ್ಯ ಕಾರಣ.

ಹಲ್ಲು ಕೀಳಿಸಿದರೆ ಈ ನೋವು ಹೋಗುತ್ತದೆ ಎಂಬ ನಂಬಿಕೆ ಪಾವಗಡ ಸೀಮೆಯಲ್ಲಿ ಸುಲಭವಾಗಿ ಹುಟ್ಟೀತು. ಅಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದುಗಟ್ಟಿದವರಿದ್ದಾರೆ. ಆ ಕಲೆಗೂ ಈ ನೋವಿಗೂ ನಂಟಿಲ್ಲ. ದಂತವೈದ್ಯರಿಗೆ ತೋರಿಸಿ, ಆದರೆ ಗಟ್ಟಿ ಹಲ್ಲನ್ನು ಕಳೆದುಕೊಳ್ಳಬೇಡಿ. ಬಾಯಿ ಸೊಟ್ಟಗಾಗುವ ಕಾಯಿಲೆಯೂ ಬೇರೆ, ಅದರ ನರವೂ ಬೇರೆ.

ವೈದ್ಯರು ಕಾರ್ಬಮಜೆಪಿನ್ ಬರೆದುಕೊಟ್ಟಾಗ ನಿಜವಾದ ತೊಡಕು ಶುರು. "ಇದು ಫಿಟ್ಸ್ ಮಾತ್ರೆ, ನನಗೇನು ಮೂರ್ಛೆ ರೋಗವಾ?" ಎಂದು ಚೀಟಿಯನ್ನು ಮಡಚಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 1962ರಲ್ಲೇ ಸ್ವೀಡನ್ನಿನ ಬ್ಲಾಮ್ ಎಂಬ ವೈದ್ಯರು ಇದು ಮುಖದ ನೋವನ್ನು ತಗ್ಗಿಸುತ್ತದೆಂದು ವರದಿ ಮಾಡಿದ್ದರು. ಅಮೆರಿಕದಲ್ಲಂತೂ ಈ ಮಾತ್ರೆಗೆ 1968ರಲ್ಲಿ ಮೊದಲು ಅನುಮತಿ ಸಿಕ್ಕಿದ್ದೇ ಈ ನೋವಿಗೆ. ಮೂರ್ಛೆಗೆ ಸಿಕ್ಕಿದ್ದು 1974ರಲ್ಲಿ. ಕೆರಳಿದ ನರ ಒಂದೇ ಸಮನೆ ಸಿಡಿಯದಂತೆ ತಡೆಯುವುದು ಅದರ ಕೆಲಸ. ಅದಕ್ಕೇ ಎರಡಕ್ಕೂ ಸಲ್ಲುತ್ತದೆ. ಮೆಡಿಕಲ್ ಶಾಪಿನ ಸಾಮಾನ್ಯ ನೋವಿನ ಮಾತ್ರೆ ಇಲ್ಲಿ ಹೆಚ್ಚಾಗಿ ನಾಟುವುದಿಲ್ಲ.

ನೋವು ಬಂದಾಗಷ್ಟೇ ನುಂಗಿದರೆ ಸಾಲದು. ಕಡಿಮೆ ಪ್ರಮಾಣದಿಂದ ಶುರುಮಾಡಿ, ದಿನವೂ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಕೆಲವು ವಾರಗಳಲ್ಲಿ ಯಕೃತ್ತು ಈ ಔಷಧಿಯನ್ನು ಬೇಗ ಕರಗಿಸಲು ಕಲಿಯುತ್ತದೆ. ನೋವು ಮರುಕಳಿಸಿದರೆ ಮಾತ್ರೆ ಸೋತಿತೆಂದು ಬಿಡಬೇಡಿ, ವೈದ್ಯರು ಪ್ರಮಾಣ ಏರಿಸಬೇಕಾಗಬಹುದು. ತಾವಾಗಿಯೇ ಏರಿಸುವುದೂ ಬೇಡ, ಒಮ್ಮೆಲೇ ನಿಲ್ಲಿಸುವುದೂ ಬೇಡ.

ಅಡ್ಡಪರಿಣಾಮದ ಭಯ ಮಾತ್ರ ಸುಳ್ಳಲ್ಲ. ಮೊದಮೊದಲು ಮಂಪರು, ತಲೆಸುತ್ತು ಬರಬಹುದು; ಆಗ ಮರ ಹತ್ತುವುದು, ಗಾಡಿ ಓಡಿಸುವುದು ಬೇಡ. ರಕ್ತದಲ್ಲಿ ಸೋಡಿಯಂ, ಬಿಳಿ ರಕ್ತಕಣ ಇಳಿಯಬಹುದು, ಪರೀಕ್ಷೆ ತಪ್ಪಿಸಬೇಡಿ. ಮೈಮೇಲೆ ಗಂದೆ, ಜ್ವರ, ಬಾಯಿಹುಣ್ಣು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಗರ್ಭನಿರೋಧಕ ಮಾತ್ರೆಯ ಬಲವನ್ನು ಇದು ಕುಗ್ಗಿಸುತ್ತದೆ. ಬಸಿರಿದ್ದರೆ ಮೊದಲೇ ಹೇಳಬೇಕು.

ಮಾತ್ರೆಗೆ ಬಗ್ಗದವರಿಗೆ ನರದ ಮೇಲಿನ ಒತ್ತಡ ಬಿಡಿಸುವ ಶಸ್ತ್ರಚಿಕಿತ್ಸೆ ಇದೆ. ಮಧುಗಿರಿ, ಶಿರಾ, ಕೊರಟಗೆರೆಯಿಂದ ತುಮಕೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೊರಟರೆ ಹಳೆಯ ಚೀಟಿಗಳನ್ನೂ, ಈಗ ನುಂಗುತ್ತಿರುವ ಬಿಪಿ, ಸಕ್ಕರೆ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ.