ಜ್ವರ ಬಿಟ್ಟರೂ ಏದುಸಿರು ಬಿಡದೇ?

ಕಬಡ್ಡಿ ಆಡುವ ಹುಡುಗನಿಗೆ ಉಸಿರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎದುರಾಳಿಗಳ ಅಂಗಳಕ್ಕೆ ನುಗ್ಗಿದವನು ಅದೇ ಉಸಿರಿನಲ್ಲಿ ಮರಳಿ ಗೆರೆ ಮುಟ್ಟಬೇಕು. ಅಂಥವನೇ ಒಂದು ವಾರ ವೈರಲ್ ಜ್ವರ, ಕೆಮ್ಮಿನಲ್ಲಿ ಮಲಗಿ ಎದ್ದರೆ ಶಾಲೆಯ ಮೆಟ್ಟಿಲು ಹತ್ತುವಾಗಲೇ ಏದುಸಿರು ಬಿಡುತ್ತಾನೆ. ಇದನ್ನು ಸೋಮಾರಿತನವೆಂದು ಗದರುವ ಹೆತ್ತವರಿದ್ದಾರೆ. ತಿಂಗಳುಗಟ್ಟಲೆ ಹೊದೆಸಿ ಮಲಗಿಸುವವರೂ ಇದ್ದಾರೆ. ಎರಡೂ ಸರಿಯಲ್ಲ.

ಶ್ವಾಸಕೋಶ ತಾನಾಗಿ ಹಿಗ್ಗುವುದಿಲ್ಲ. ಎದೆ ಮತ್ತು ಹೊಟ್ಟೆಯ ನಡುವೆ ಗುಮ್ಮಟದಂತಿರುವ 'ವಪೆ' ಎಂಬ ಸ್ನಾಯು ಸಂಕುಚಿಸಿ ಕೆಳಗಿಳಿಯುತ್ತದೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಎದೆಗೂಡನ್ನು ಮೇಲೆತ್ತುತ್ತವೆ. ಆಗ ಒಳಗಿನ ಒತ್ತಡ ಕಡಿಮೆಯಾಗಿ ಗಾಳಿ ನುಗ್ಗುತ್ತದೆ. ಸುಮ್ಮನೆ ಕುಳಿತ ವಯಸ್ಕರಲ್ಲಿ ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್. ವಪೆಯೂ ಕಾಲಿನ ಮೀನಖಂಡದಂತೆ ಒಂದು ಸ್ನಾಯುವೇ. ತೀವ್ರ ಕಾಯಿಲೆಯಲ್ಲಿ ಅದೂ ಸೊರಗುತ್ತದೆ, ಪಳಗಿಸಿದರೆ ಅದೂ ಬಲಗೊಳ್ಳುತ್ತದೆ.

2020ರಲ್ಲಿ ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆಯನ್ನು ಕೋವಿಡ್ ರೋಗಿಗಳಿಗೆಂದೇ ಮೀಸಲಿಡಲಾಗಿತ್ತು. ಆ ದಿನಗಳಲ್ಲಿ ಮೂರು ಚೆಂಡುಗಳ ಸ್ಪೈರೋಮೀಟರ್ ಎಷ್ಟೋ ಮನೆಗಳ ಶೋಕೇಸು ಸೇರಿತು. ತಮಾಷೆಯೆಂದರೆ, ಬಹಳ ಮಂದಿ ಅದಕ್ಕೆ ಊದುತ್ತಾರೆ! ಊದುವುದಲ್ಲ, ನಿಧಾನವಾಗಿ ಒಳಕ್ಕೆ ಎಳೆಯಬೇಕು. ಸೆಕೆಂಡಿಗೆ 600 ಮಿಲಿಲೀಟರ್ ವೇಗಕ್ಕೆ ಮೊದಲ ಚೆಂಡು ಏರುತ್ತದೆ, 900ಕ್ಕೆ ಎರಡನೆಯದು, 1200ಕ್ಕೆ ಮೂರನೆಯದು. ಮೂರನ್ನೂ ಒಮ್ಮೆಲೇ ಹಾರಿಸುವ ಹಟ ಬೇಡ. ಒಂದೇ ಚೆಂಡನ್ನು ಹೆಚ್ಚು ಹೊತ್ತು ಮೇಲೆ ನಿಲ್ಲಿಸುವುದರಲ್ಲಿ ಲಾಭವಿದೆ.

ಸ್ನಾಯುವಿನ ಬಲ ಹೆಚ್ಚಿಸಲು ಬೇರೆಯೇ ಉಪಕರಣವಿದೆ. ಅದರ ಕವಾಟಕ್ಕೆ ಸ್ಪ್ರಿಂಗ್ ಇರುತ್ತದೆ. ಸಾಕಷ್ಟು ಬಲವಾಗಿ ಎಳೆದರೆ ಮಾತ್ರ ಗಾಳಿ ಬರುತ್ತದೆ. ಬ್ರಿಟನ್ನಿನ ಸ್ವಾನ್ಸೀ ವಿಶ್ವವಿದ್ಯಾನಿಲಯದವರು ಕೋವಿಡ್‌ನಿಂದ ಚೇತರಿಸಿಕೊಳ್ಳುತ್ತಿದ್ದ 281 ವಯಸ್ಕರನ್ನು ಆಯ್ದು, ಹೆಚ್ಚಿನವರಿಗೆ 8 ವಾರ ಇಂಥ ವ್ಯಾಯಾಮ ಮಾಡಿಸಿ 2022ರಲ್ಲಿ ವರದಿ ಪ್ರಕಟಿಸಿದರು. ಏದುಸಿರು ತಗ್ಗಿತು, ಉಸಿರಾಟದ ಸ್ನಾಯುಗಳು ಬಲಗೊಂಡವು. ಆದರೆ ಒಟ್ಟಾರೆ ಜೀವನಮಟ್ಟದ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಇದು ಸಂಜೀವಿನಿಯೇನೂ ಅಲ್ಲ. ಮಕ್ಕಳಿಗೆ ಇದನ್ನು ಕೊಡಬೇಕೇ, ಸ್ಪ್ರಿಂಗ್ ಎಷ್ಟು ಬಿಗಿಯಿರಬೇಕು ಎಂಬುದನ್ನು ಫಿಸಿಯೋಥೆರಪಿಸ್ಟರೇ ನಿರ್ಧರಿಸಬೇಕು. ಮಣಿಪಾಲದಲ್ಲಿ ಆ ಶಾಸ್ತ್ರವನ್ನು ಕಲಿಸುವ ವಿಭಾಗವೇ ಇದೆ.

ಮನೆಯಲ್ಲಿ ಖರ್ಚಿಲ್ಲದೆ ಮಾಡಬಹುದಾದದ್ದೂ ಇದೆ. ಮಲಗಿ ಹೊಟ್ಟೆಯ ಮೇಲೆ ನೋಟುಪುಸ್ತಕವಿಟ್ಟು, ಮೂಗಿನಿಂದ ಉಸಿರೆಳೆದಾಗ ಅದು ಏಳುವುದನ್ನು ನೋಡಿ. ತುಟಿ ಚೂಪುಮಾಡಿ ನಿಧಾನವಾಗಿ ಬಿಡಿ. ಕಫವಿದ್ದರೆ, ಬಾಯಿ ತೆರೆದ ಬಾಟಲಿಯ ನೀರಿನಲ್ಲಿ ಕೊಳವೆಯನ್ನು 10 ಸೆಂಟಿಮೀಟರ್ ಮುಳುಗಿಸಿ ಗುಳ್ಳೆ ಬರುವಂತೆ ಊದಬಹುದು. ದ್ರವದ ಒತ್ತಡ ಆಳಕ್ಕೆ ತಕ್ಕಂತೆ ಎಂಬ ಪಾಠ ನೆನಪಿದೆಯೇ? ಆ 10 ಸೆಂಟಿಮೀಟರ್ ನೀರಿನ ಒತ್ತಡವೇ ಸಣ್ಣ ಶ್ವಾಸನಾಳಗಳನ್ನು ತೆರೆದಿಡಲು ನೆರವಾಗುತ್ತದೆ. ತಲೆ ಸುತ್ತಿದರೆ ನಿಲ್ಲಿಸಿ. ನೀರನ್ನು ದಿನವೂ ಬದಲಾಯಿಸಿ.

ಇನ್ನು ನಡಿಗೆ. ಮೊದಲು ಕಾಪುವಿನ ಕಡಲ ಕಿನಾರೆಯಂಥ ಸಮತಟ್ಟು ಜಾಗ. ಅಲ್ಲಿನ 1901ರ ದೀಪಸ್ತಂಭದ ಮೆಟ್ಟಿಲು ಆಮೇಲೆ. ಕಾರ್ಕಳದ ಗೊಮ್ಮಟಬೆಟ್ಟ ಎಲ್ಲಕ್ಕಿಂತ ಕೊನೆಗೆ. ನಡೆಯುತ್ತ ಒಂದು ಪೂರ್ತಿ ವಾಕ್ಯ ಹೇಳಲು ಆಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ.

ಜ್ವರವಿರುವಾಗ ಯಾವ ವ್ಯಾಯಾಮವೂ ಬೇಡ. ಎದೆನೋವು, ಎದೆಬಡಿತದಲ್ಲಿ ಏರುಪೇರು, ತಲೆ ತಿರುಗಿ ಬೀಳುವುದು, ತುಟಿ ನೀಲಿಗಟ್ಟುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ವೈರಸ್ ಕೆಲವೊಮ್ಮೆ ಹೃದಯದ ಸ್ನಾಯುವನ್ನೂ ಬಾಧಿಸುವುದುಂಟು. ಅಂಥವರಿಗೆ ಕಬಡ್ಡಿ ಅಪಾಯಕಾರಿ. ಮತ್ತೆ, ಶೋಕೇಸಿನಲ್ಲಿರುವ ಆ ಮೂರು ಚೆಂಡಿನ ಪೆಟ್ಟಿಗೆ: ಅಜ್ಜ ಬಳಸಿದ್ದನ್ನು ಮೊಮ್ಮಗನ ಬಾಯಿಗೆ ಕೊಡಬೇಡಿ, ಹೊಸದನ್ನೇ ತನ್ನಿ.